ಹೊಸಿಲಾಚೆ ನಿಂತ ಸೀ ಝೈದ್

ಸೀ ಝೈದ್ ಯಾರ ಮನೆಯಲ್ಲೂ ಚಹಾ ಕುಡಿಯುತ್ತಿರಲಿಲ್ಲ. ನಮ್ಮ ಅಟ್ಲಾಸ್ ಗುಡ್ಡಗಳ ನಡುವೆ ಇದಕ್ಕಿಂತ ದೊಡ್ಡ ಒರಟುತನವನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಮನೆಯೊಡತಿ ತಟ್ಟೆಯನ್ನು ಉಜ್ಜಿ ಹೊಳೆಯಿಸಿ, ಹಿತ್ತಲಿನಲ್ಲಿ ಉಳಿದಿದ್ದ ನಾಲ್ಕೆಲೆ ಪುದೀನವನ್ನು ಕಿತ್ತು, ಪಕ್ಕದ ಮನೆಯಿಂದಾದರೂ ಸಕ್ಕರೆಯ ಗಟ್ಟಿಯನ್ನು ಕಡ ತಂದು, ನೀರನ್ನು ಕೆಂಡದ ಮೇಲಿಟ್ಟು ಒಳಗೆ ಕರೆದರೆ, ಆ ಮನುಷ್ಯ ಮಳೆಯಿರಲಿ ಹಿಮವಿರಲಿ ಹೊಸಿಲಿನ ಆಚೆಗೇ ನಿಂತು, "ಇಲ್ಲಿಂದಲೇ ಮಾತಾಡೋಣ ಲಾಲ್ಲಾ" ಎಂದು, ಅಮ್ಮಾ ಎಂಬ ಆ ಗೌರವದ ಮಾತನ್ನು ಮಾತ್ರ ಬಿಡದೆ, ಹೇಳುತ್ತಿದ್ದರು. ಹಸಿವಾದರೆ ತಮ್ಮ ಕೋಟಿನ ಜೇಬಿನಿಂದ ಅರ್ಧ ರೊಟ್ಟಿಯನ್ನೂ ಕಾಗದದಲ್ಲಿ ಸುತ್ತಿದ ಆಲಿವ್ ಕಾಯಿಗಳನ್ನೂ ತೆಗೆದು, ಗೋಡೆಗೆ ಒರಗಿ, ಬೀಜಗಳನ್ನು ಅಂಗೈಗೆ ಉಗುಳಿಕೊಳ್ಳುತ್ತ ತಿನ್ನುತ್ತಿದ್ದರು. ಪರಸ್ಥಳದವನೊಬ್ಬ ನಮ್ಮೂರು ಐತ್ ಅಮ್ರಿಸ್‌ನ ಬೀದಿಯಲ್ಲಿ ನಿಂತು ತನ್ನ ರೊಟ್ಟಿಯನ್ನು ತಾನೇ ತಿಂದನೆಂದರೆ ಅದು ಇಡೀ ಊರಿನ ಮುಖಕ್ಕೆ ಬಳಿದ ಮಸಿ.

"ಹೆಂಡತಿ ಯಾವಾಗಲೋ ವಿಷ ಹಾಕಿರ್ಬೇಕು ಕಣೇ. ಅದಕ್ಕೇ ಹೆಂಗಸರ ಕೈಯಿಂದ ಏನೂ ಮುಟ್ಟಲ್ಲ" ಎಂದು ನೆರೆಮನೆಯ ಮುದುಕಿ ಯಾಮ್ನಾ ಎಲ್ಲರನ್ನೂ ನಗಿಸುತ್ತಿದ್ದಳು. ನಗು ನಿಂತ ಮೇಲೆ ಅವಳೇ, "ಆದ್ರೂ ಅಷ್ಟು ಸೊಕ್ಕಿರಬಾರ್ದಪ್ಪ" ಎನ್ನುತ್ತಿದ್ದಳು.

ಅವರ ಕೆಲಸವೇ ಅಂಥದ್ದು. ಬಡವರ ಏಳಿಗೆಗೆಂದು ಸರ್ಕಾರ ಕಳಿಸಿದ ಹಣದಿಂದ ಪಂಚಾಯಿತಿಗಳು ಏನೇನು ಮಾಡಿವೆ ಎಂದು ನೋಡಿಕೊಂಡು ಬರಲು ಪ್ರಾಂತದ ಕಚೇರಿ ಅವರನ್ನು ನೇಮಿಸಿತ್ತು. ನಲ್ಲಿ ಹಾಕಿದ್ದೇವೆ ಎಂದವರ ನಲ್ಲಿಯನ್ನು ತಿರುಗಿಸಿ ನೋಡುವುದು, ಆರೋಗ್ಯ ಕೇಂದ್ರ ತೆರೆದಿದ್ದೇವೆ ಎಂದವರ ಬಾಗಿಲನ್ನು ತಳ್ಳಿ ನೋಡುವುದು. ಟ್ಯಾಕ್ಸಿ ನಿಲ್ಲುವ ಕಡೆಯಿಂದ ನಮ್ಮೂರಿಗೆ ಏರುದಾರಿ. ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ತಲೆಯನ್ನು ಟಗರಿನ ಹಾಗೆ ಮುಂದಕ್ಕೆ ಚಾಚಿ, ಹೊಸ ಗೋಡೆ ಕಂಡಲ್ಲೆಲ್ಲ ನಿಂತು ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟು ಕೇಳುತ್ತ ಅವರು ಹತ್ತಿ ಬರುವುದು ದೂರದಿಂದಲೇ ಕಾಣುತ್ತಿತ್ತು. ಮಸೀದಿಯ ಪಕ್ಕದ ಕೋಣೆಯಲ್ಲಿ ನಾನು ಹೆಂಗಸರಿಗೆ ಕುರ್‌ಆನಿನ ಚಿಕ್ಕ ಅಧ್ಯಾಯಗಳನ್ನೂ ಅವುಗಳ ನೆಪದಲ್ಲಿ ಅಕ್ಷರವನ್ನೂ ಹೇಳಿಕೊಡುತ್ತಿದ್ದೆ; ಅದಕ್ಕೇ ಊರಿಗೆಲ್ಲ ನಾನು ಫಕೀಹಾ, ಧರ್ಮ ಓದಿಸುವವಳು. ಆ ಕೋಣೆಯ ಕಿಟಕಿ ದಾರಿಯ ಕಡೆಗೆ ತೆರೆಯುತ್ತಿದ್ದರಿಂದ ಅವರ ಬರವಿನ ಸುದ್ದಿ ಮೊದಲು ನಮಗೇ ಸಿಗುತ್ತಿತ್ತು.

ಆ ಕೋಟಿನ ವಿಷಯ ಹೇಳಬೇಕು. ಬೂದುಬಣ್ಣದ ಉಣ್ಣೆಯ ಕೋಟು, ಮೊಳಕಾಲಿನವರೆಗೆ ಇಳಿದದ್ದು, ಒಂದು ಕಡೆ ಜೋತುಬಿದ್ದದ್ದು. ಜೋತುಬೀಳಲು ಕಾರಣ ಬಲಜೇಬಿನಲ್ಲಿ ಹಳೆಯ ಕಾಲುಚೀಲದೊಳಗೆ ಸುತ್ತಿಟ್ಟ ಒಂದು ವಿದ್ಯುದ್ದೀಪದ ಬುರುಡೆ ಮತ್ತು ಅದು ಒಡೆಯದಂತೆ ಸುತ್ತಲೂ ತುರುಕಿದ ಬಟ್ಟೆ. ಆರೋಗ್ಯ ಕೇಂದ್ರಕ್ಕೆ ಕರೆಂಟು ಬಂದಿದೆ ಎಂದು ಪಂಚಾಯಿತಿ ಹೇಳಿಕೊಂಡ ವರ್ಷ ಸೀ ಝೈದ್ ಹೋಗಿ ಸ್ವಿಚ್ಚು ಒತ್ತಿದರು; ದೀಪ ಹತ್ತಲಿಲ್ಲ. "ಬಲ್ಬ್ ಹೋಗಿದೆ ಸ್ವಾಮಿ, ನಿನ್ನೆ ತಾನೇ ಹೋಯ್ತು" ಎಂದ ಪಂಚಾಯಿತಿಯ ಕಾರ್ಯದರ್ಶಿ. ಸೀ ಝೈದ್ ಕಾಲುಚೀಲವನ್ನು ಹೊರತೆಗೆದು, ಬಲ್ಬನ್ನು ಬಿಡಿಸಿ, ಕುರ್ಚಿ ಹತ್ತಿ, ತಿರುಗಿಸಿ ಕೂಡಿಸಿದರು. ಆಗಲೂ ಹತ್ತಲಿಲ್ಲ. ಕುರ್ಚಿಯ ಮೇಲೆ ನಿಂತಲ್ಲಿಂದಲೇ ಅವನತ್ತ ಬಗ್ಗಿ, "ಆಮೇಲೆ?" ಎಂದರು.

ಈ "ಆಮೇಲೆ?" ಎಂಬುದು ಅವರ ಬಾಯಿಗೆ ಅಂಟಿಕೊಂಡ ಮಾತು. ಬಾವಿ ತೋಡಿಸಿದೆವು ಎಂದರೆ ಆಮೇಲೆ? ಕೊಳವೆ ಹಾಕಿಸಿದೆವು ಎಂದರೆ ಆಮೇಲೆ? ಸಾಹೇಬರು ಬಂದು ಉದ್ಘಾಟನೆಯ ಪಟ್ಟಿ ಕತ್ತರಿಸಿದರು ಎಂದರೆ ಆಮೇಲೆ? ಸಾಮಾನ್ಯವಾಗಿ ಅಲ್ಲಿಗೆ ಪಂಚಾಯಿತಿಯ ಕತೆ ಮುಗಿದಿರುತ್ತಿತ್ತು. ಸೀ ಝೈದರಿಗೆ ಮಾತ್ರ ಅಲ್ಲಿಂದಲೇ ಕತೆ ಶುರು. ಹೆಂಗಸರಿಗೆಂದು ಕಟ್ಟಿಸಿದ ನೇಯ್ಗೆಯ ಕೋಣೆಗೆ ಅವರು ಬರುವ ದಿನ ನಮ್ಮನ್ನೆಲ್ಲ ಕರೆಸಿ ಮಗ್ಗದ ಮುಂದೆ ಕೂರಿಸಿದ್ದರು. ಇದಕ್ಕೆ ಮುಂಚೆ ನೇಯ್ದ ಕಂಬಳಿ ಎಲ್ಲಿ ಎಂದು ಅವರು ಕೇಳಿದರು. ಮಾರಿಯಾಯ್ತು ಎಂದ ಕಾರ್ಯದರ್ಶಿ. "ಆಮೇಲೆ?" ಅವನು ತಡವರಿಸುತ್ತಿರುವಾಗ ಯಾಮ್ನಾ ದಾರದುಂಡೆಯನ್ನು ಕೆಳಗಿಟ್ಟು, "ಆಮೇಲೆ ಏನು ಸೀ ಝೈದ್, ನೀವು ಹೋಗ್ತೀರಿ, ಇವರು ನಮ್ಮನ್ನ ಎಬ್ಬಿಸ್ತಾರೆ, ಅಧ್ಯಕ್ಷರ ತಮ್ಮ ಈರುಳ್ಳಿ ಮೂಟೆ ವಾಪಸ್ ತಂದು ಇಲ್ಲೇ ಒಟ್ಟುತ್ತಾನೆ" ಎಂದಳು. ಸೀ ಝೈದ್ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ನಕ್ಕರು ಎನ್ನುವುದಕ್ಕಿಂತ ಅವರ ಮೀಸೆ ಒಂದಿಷ್ಟು ಕದಲಿತು.

ಒಳ್ಳೆಯವರೆಂದು ಅವರನ್ನು ಹೊಗಳಲು ನನಗೆ ಮನಸ್ಸಿಲ್ಲ. ಅವರ ಸಿಟ್ಟಿಗೆ ಕಣ್ಣಿರಲಿಲ್ಲ. ಸಂಬಳವೇ ಬಾರದೆ ಶಾಲೆ ನಡೆಸುತ್ತಿದ್ದ ಎಳೆಯ ಮೇಷ್ಟರನ್ನು, ತರಗತಿ ಬೆಚ್ಚಗಿಡುವ ಒಲೆಯ ಸೌದೆ ಎಲ್ಲಿ ಹೋಯಿತೆಂದು ಮಕ್ಕಳೆದುರಿಗೇ ಬೈದು ಅಳಿಸಿದ್ದರು. ಸೌದೆಯನ್ನು ನುಂಗಿದವರು ಬೇರೆ ಎಂದು ಗೊತ್ತಾದ ಮೇಲೂ ಅವನ ಹತ್ತಿರ ಹೋಗಿ ಒಂದು ಮಾತು ಆಡಲಿಲ್ಲ.

ಚಹಾದ ಕಾರಣವನ್ನು ಅವರು ಒಮ್ಮೆ ನನಗೆ ಹೇಳಿದರು. ಟ್ಯಾಕ್ಸಿಗೆ ಕಾಯುತ್ತ ಮಸೀದಿಯ ಹೊರಗಿನ ಕಲ್ಲುಕಟ್ಟೆಯ ಮೇಲೆ ಕೂತಿದ್ದಾಗ, ಊರ ಹೆಂಗಸರಿಗೆ ನೋವಾಗುತ್ತದೆ ಎಂದು ನಾನು ಆಕ್ಷೇಪಿಸಿದೆ. ಅವರು ಹೇಳಿದರು: "ಫಕೀಹಾ, ಚಹಾ ಕುಡಿದವನು ಅತಿಥಿ ಆಗ್ತಾನೆ. ಅತಿಥಿ ಎದುರಿಗೆ ನಮ್ಮ ಜನ ಕೊರತೆ ಹೇಳಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಆ ಮೇಲಿನ ಕಣಿವೆಯ ಊರಲ್ಲಿ ಮನೆಮನೆಗೂ ಹೋಗಿ ಕೂತೆ. ಏನಾದ್ರೂ ಕೊರತೆ ಇದೆಯಾ ಅಂತ ಕೇಳ್ದೆ. ಎಲ್ಲರೂ ಅಲ್ಹಮ್ದುಲಿಲ್ಲಾ, ದೇವರಿಗೆ ಸ್ತೋತ್ರ ಅಂದ್ರು. ಅವರು ದೇವರ ಹತ್ತಿರ ಮಾತಾಡ್ತಿದ್ರು. ನಾನು ಕದ್ದು ಕೇಳಿಸ್ಕೊಂಡು, ಕೊರತೆ ಇಲ್ಲ ಅಂತ ಬರ್ಕೊಂಡು ಬಂದೆ." ಆ ಚಳಿಗಾಲ ಆ ಊರಿಗೆ ಹಿಟ್ಟು ಹೋಗಲಿಲ್ಲ. ಆಮೇಲೆ ಏನಾಯಿತೆಂದು ನಾನು ಕೇಳಲಿಲ್ಲ. ಅವರ ಮುಖ ನೋಡಿ ಕೇಳುವ ಧೈರ್ಯವಾಗಲಿಲ್ಲ.

ಅವರು ಹೇಳಿದ್ದು ನಮ್ಮೂರಿನಲ್ಲಿಯೇ ನಡೆಯುವುದನ್ನು ನಾನು ಕಣ್ಣಾರೆ ಕಂಡೆ.

ನಮ್ಮ ಕೇರಿಯ ತೂದಾ ವಿಧವೆ. ಕುರಿ ಕಾಯುವ ಗಂಡ ಹಿಮಪಾತದಲ್ಲಿ ತೀರಿಹೋಗಿದ್ದ. ಇತರರ ಉಣ್ಣೆಯನ್ನು ನೂತು ಬದುಕುತ್ತಿದ್ದ ಅವಳಿಗೆ ಒಬ್ಬಳೇ ಮಗಳು, ಇಝ್ಝಾ. ಹುಡುಗಿ ನಮ್ಮೂರಿನ ಶಾಲೆ ಮುಗಿಸಿದಳು. ಮುಂದಿನ ಶಾಲೆ ಕೆಳಗಿನ ಪೇಟೆಯಲ್ಲಿ. ಅಲ್ಲಿ ಬಡ ಊರುಗಳ ಹೆಣ್ಣುಮಕ್ಕಳಿಗೆಂದು ಒಂದು ವಿದ್ಯಾರ್ಥಿನಿಯರ ನಿಲಯವಿದೆ. ಬಡ ಊರು ಎಂದು ಸರ್ಕಾರ ಒಪ್ಪಿದ ಕಡೆಯವರಿಗೆ ಅಲ್ಲಿ ಊಟ, ಹಾಸಿಗೆ ಪುಕ್ಕಟೆ. ಉಳಿದವರು ಹಣ ಕಟ್ಟಬೇಕು. ತೂದಾಳ ಪಾಲಿಗೆ ಅದು ಚಂದ್ರನನ್ನು ಕೊಂಡಷ್ಟೇ ದೂರದ ಮಾತು. ಇಝ್ಝಾಳಿಗೆ ಜಾಗ ಸಿಕ್ಕಿತ್ತು. ತಾಯಿ ಅವಳಿಗೆಂದು ಹಗಲೆಲ್ಲ ಕೂತು ಒಂದು ಕೆಂಪು ಹೊದಿಕೆ ನೇಯುತ್ತಿದ್ದಳು.

ಆ ಬೇಸಿಗೆಯಲ್ಲಿ ಊರೂರಿನ ಬಡತನವನ್ನು ಅಳೆಯಲು ಪ್ರಾಂತದಿಂದ ಹೊಸ ತಂಡ ಬಂತು. ಕೈಯಲ್ಲಿ, ಬೆರಳು ತಟ್ಟಿದರೆ ಉತ್ತರ ದಾಖಲಾಗುವ ಹೊಳೆಯುವ ಹಲಗೆಗಳನ್ನು ಹಿಡಿದ, ಸೊಗಸಾಗಿ ಮಾತಾಡುವ ಎಳೆಯರು. ಪಂಚಾಯಿತಿಯ ಅಧ್ಯಕ್ಷ ಹಾಜಿ ಮಕ್ಕಿ ಹಿಂದಿನ ದಿನವೇ ಡಂಗುರ ಹೊಡೆಸಿದ್ದ: ಅತಿಥಿಗಳು ಬರುತ್ತಾರೆ, ಊರಿನ ಮಾನ ಕಾಪಾಡಿ. ಈ ಮಕ್ಕಳು ಸೀ ಝೈದರ ಹಾಗಲ್ಲ. ಚಪ್ಪಲಿ ಬಿಚ್ಚಿ ಒಳಗೆ ಬಂದರು, ಚಹಾ ಕುಡಿದು ಹೊಗಳಿದರು, ಹೆಂಗಸರ ಕೈಗೆ ಮುತ್ತಿಟ್ಟರು. ನಮಗೆಲ್ಲ ಹಿಗ್ಗು. ತೂದಾಳ ಮನೆಯಲ್ಲಿ ಒಂದೇ ಕೋಳಿ. ಆ ದಿನದ ಮೊಟ್ಟೆಯನ್ನು ಬೇಯಿಸಿ, ಜೀರಿಗೆ ಉಪ್ಪು ಉದುರಿಸಿ ಮುಂದಿಟ್ಟಳು. ನಾನು ಅಲ್ಲೇ ಇದ್ದೆ.

"ಊಟಕ್ಕೆ ಏನಾದ್ರೂ ತೊಂದ್ರೆ ಇದೆಯಾ ಅಮ್ಮಾ?" ಎಂದು ಒಬ್ಬಳು ಮೊಟ್ಟೆಯ ಸಿಪ್ಪೆ ಸುಲಿಯುತ್ತ ಕೇಳಿದಳು.

"ಅಲ್ಹಮ್ದುಲಿಲ್ಲಾ ಮಗಳೇ, ದೇವರು ಕೊಟ್ಟಿದ್ದಾನೆ."

"ಪಂಚಾಯಿತಿಯವರ ಕೆಲಸ ತೃಪ್ತಿ ತಂದಿದೆಯಾ?"

"ಅಲ್ಹಮ್ದುಲಿಲ್ಲಾ."

ಹುಡುಗಿಯ ಬೆರಳು ಹಲಗೆಯ ಮೇಲೆ ಎರಡು ಸಲ ಮೆಲ್ಲಗೆ ತಟ್ಟಿತು. ಮನೆಮನೆಯಲ್ಲೂ ಹೀಗೆಯೇ ತಟ್ಟಿತು.

ಶಾಲೆ ತೆರೆಯಲು ಇನ್ನೂ ಕೆಲವು ವಾರಗಳಿರುವಾಗ ಹಾಜಿ ಮಕ್ಕಿ ಊರವರನ್ನೆಲ್ಲ ಪಂಚಾಯಿತಿಯ ಅಂಗಳಕ್ಕೆ ಕರೆಸಿ ಕುರಿ ಕೊಯ್ಯಿಸಿದ. ಬಿಳಿಯ ಜಲ್ಲಾಬಾ ನಿಲುವಂಗಿ ತೊಟ್ಟು, ಎದೆಯ ಮೇಲೆ ಕೈಯಿಟ್ಟುಕೊಂಡು, ಐತ್ ಅಮ್ರಿಸ್ ಬಡತನದಿಂದ ಹೊರಗೆ ಬಂದಿದೆಯೆಂದೂ, ಪ್ರಾಂತದ ಸಭೆಯಲ್ಲಿ ನಮ್ಮ ಊರಿನ ಹೆಸರು ಹೇಳಿ ಚಪ್ಪಾಳೆ ತಟ್ಟಿದರೆಂದೂ ಸಾರಿ ಎಲ್ಲರಿಗೂ ಮುಬಾರಕ್ ಹೇಳಿದ. ಇನ್ನು ಮೇಲೆ ನಿಲಯದ ಪುಕ್ಕಟೆ ಜಾಗಗಳು ನಮಗಿಂತ ಬಡವರಾದ ಊರುಗಳಿಗೆ ಹೋಗುತ್ತವೆ ಎಂಬುದನ್ನು, ಮಾಂಸ ಬಡಿಸುತ್ತಿದ್ದಾಗ, ಬಹಳ ಮೃದುವಾಗಿ ಸೇರಿಸಿದ.

ನನ್ನ ಪಕ್ಕದಲ್ಲಿ ಕೂತಿದ್ದ ತೂದಾ ತುತ್ತನ್ನು ತಟ್ಟೆಗೆ ವಾಪಸ್ ಇಟ್ಟಳು. "ಹೊರಗೆ ಬಂದಿದ್ದು ಯಾವತ್ತು ಫಕೀಹಾ?" ಎಂದು ಮೆಲ್ಲಗೆ ಕೇಳಿದಳು. "ನನಗೆ ಯಾರೂ ಹೇಳಲೇ ಇಲ್ವಲ್ಲ."

ಈ ಘೋಷಣೆಗೆ ಆಕ್ಷೇಪಣೆ ಸಲ್ಲಿಸಲು ಇದ್ದ ಅವಧಿಯಲ್ಲಿ ಸೀ ಝೈದ್ ಹತ್ತಿ ಬಂದರು. ನೇರವಾಗಿ ನಮ್ಮ ಕೋಣೆಗೆ ಬಂದು, ಎಂದಿನಂತೆ ಬಾಗಿಲಲ್ಲಿ ನಿಂತರು. ಸಲಾಮಿನ ಹಿಂದೆಯೇ ಬೈಗುಳ ಬಂತು.

"ಊಟಕ್ಕೆ ತೊಂದ್ರೆ ಇಲ್ಲ ಅಂತ ಹೇಳೋಕೆ ನಿಮಗೆ ಯಾರು ಹೇಳಿದ್ದು?"

ಯಾಮ್ನಾ, "ಮನೆಗೆ ಬಂದ ಮಕ್ಕಳ ಮುಂದೆ ಅಳ್ಬೇಕಿತ್ತಾ?" ಎಂದಳು.

"ಅಳ್ಬೇಡಿ. ಇದ್ದದ್ದು ಹೇಳಿ."

"ಇದ್ದದ್ದೇ ಹೇಳಿದ್ದು ಅಣ್ಣಾ" ಎಂದು ತೂದಾ ಎದ್ದು ನಿಂತಳು. "ಅಲ್ಹಮ್ದುಲಿಲ್ಲಾ ಅನ್ನೋದು ಸುಳ್ಳಾ?"

ಸೀ ಝೈದ್ ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ, ಮೃದುವಾಗಿ ಹೇಳಬೇಕಾದದ್ದನ್ನು ಹೇಗೆ ಹೇಳಬೇಕೆಂದು ತಿಳಿಯದ ಆ ಮನುಷ್ಯ, ಇನ್ನಷ್ಟು ಗಟ್ಟಿಯಾಗಿ, "ಶಾಲೆ ತೆರೆದಾಗ ನಿಮ್ಮ ಮಗಳು ಎಲ್ಲಿ ಮಲಗ್ತಾಳೆ ಗೊತ್ತಾ? ಇಲ್ಲೇ, ನಿಮ್ಮ ಮಗ್ಗುಲಲ್ಲೇ. ಆ ಹಾಸಿಗೆ ಹೋಯ್ತು. ಈಗಲಾದ್ರೂ ಬಾಯಿ ಬಿಟ್ಟು ಹೇಳಿ, ನಿಮಗೆ ಏನೇನು ಇಲ್ಲ?" ಎಂದರು.

ತೂದಾಳ ಮುಖದ ಬಣ್ಣ ಇಳಿಯಿತು. ಆದರೂ ತಲೆ ಅಲ್ಲಾಡಿಸಿದಳು. "ದೇವರು ನನಗೆ ಕಡಿಮೆ ಕೊಟ್ಟ ಅಂತ ಪರಗಂಡಸಿನ ಮುಂದೆ ನಿಂತು ಹೇಳಲ್ಲ. ಮಗಳಿಗೋಸ್ಕರಾನೂ ಹೇಳಲ್ಲ."

ಆ ಹೊತ್ತಿನಲ್ಲಿ ನನಗೆ ಬಂದ ಸಿಟ್ಟನ್ನು ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ. ನಮ್ಮ ಕೃತಜ್ಞತೆಯನ್ನು ದಡ್ಡತನವೆಂಬಂತೆ ಜಾಡಿಸುತ್ತಿದ್ದ ಸೀ ಝೈದರ ಮೇಲೆಯೋ, ಹುಡುಗಿಯ ಬಾಳು ಕೈಜಾರುತ್ತಿದ್ದರೂ ಬಾಯಿ ಬಿಡದ ತೂದಾಳ ಮೇಲೆಯೋ. ಇಬ್ಬರೂ ಸರಿಯಾಗಿದ್ದರು, ಅದೇ ಸಂಕಟ. ಗಂಟನ್ನು ಬಿಡಿಸಿದವಳು ಯಾಮ್ನಾ, ಅದೂ ಕುಚೋದ್ಯಕ್ಕೆ.

"ಏನು ಸೀ ಝೈದ್, ದೇವರ ಮೇಲೆ ದೂರು ಬರ್ಕೊಳ್ಳೋಕೆ ಬಂದಿದ್ದೀರಾ? ಅದು ನಮ್ಮ ಹತ್ರ ಸಿಗಲ್ಲ. ಹಾಜಿ ಮಕ್ಕಿ ಮೇಲೆ ಬೇಕಿದ್ರೆ ಕೇಳಿ, ಸೂರ್ಯ ಮುಳುಗೋ ತನಕ ಕೊಡ್ತೀನಿ."

ಸೀ ಝೈದ್ ಅವಳನ್ನೇ ನೋಡಿದರು. ಬೆನ್ನ ಹಿಂದೆ ಕಟ್ಟಿದ್ದ ಕೈಗಳು ಬಿಚ್ಚಿಕೊಂಡವು. "ಹಾಜಿ ಮಕ್ಕಿ ನಿಮಗೆ ಏನು ಕೊಟ್ಟ?" ಎಂದು, ಆ ಮಾತನ್ನು ಜೀವನದಲ್ಲಿ ಮೊದಲ ಸಲ ಕೇಳುವವರಂತೆ ನಿಧಾನವಾಗಿ ಕೇಳಿದರು.

"ನಲ್ಲಿ ಕೊಟ್ಟ. ಪಟ್ಟಿ ಕತ್ತರಿಸಿದ ದಿನ ನೀರು ಬಂತು, ಅವತ್ತೇ ಕೊನೆ" ಎಂದಳು ಯಾಮ್ನಾ.

"ನರ್ಸಮ್ಮನ್ನ ಕೊಟ್ಟ. ಅವಳ ಫೋಟೋ ಗೋಡೆ ಮೇಲಿದೆ, ಅವಳಿಲ್ಲ" ಎಂದಳು ಇನ್ನೊಬ್ಬಳು.

"ನನ್ನ ಸೊಸೆಗೆ ಪೇಟೆ ಆಸ್ಪತ್ರೆಗೆ ಇಳಿಯೋವಾಗ ಹೇಸರಗತ್ತೆ ಮೇಲೇ ಹೆರಿಗೆ ಆಯ್ತಲ್ಲ, ಅದೂ ಅವನು ಕೊಟ್ಟಿದ್ದೇ."

"ಆಮೇಲೆ?" ಎಂದರು ಸೀ ಝೈದ್. "ಆಮೇಲೆ?"

ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ಹೇಳಿದರು. ತೂದಾಳೂ ಹೇಳಿದಳು. ಚಳಿಗಾಲದ ಹಿಟ್ಟಿನ ಮೂಟೆಗೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು ಅರ್ಧ ಮೂಟೆ ಕೊಟ್ಟದ್ದನ್ನು, ಉಳಿದರ್ಧ ಕೇಳಲು ಹೋದಾಗ, "ಇದ್ದದ್ದಕ್ಕೆ ದೇವರಿಗೆ ಶುಕ್ರ್ ಹೇಳು ತಾಯಿ, ಆಸೆ ಪಡಬೇಡ" ಎಂದು ಹಾಜಿ ಮಕ್ಕಿ ಧರ್ಮ ಬೋಧಿಸಿದ್ದನ್ನು ಹೇಳಿದಳು. ಹೇಳುತ್ತ ಹೇಳುತ್ತ ಅವಳ ದನಿ ಏರಿದುದನ್ನು ನಾನು ಮೊದಲ ಸಲ ಕೇಳಿದೆ.

ಹೊರಡುವಾಗ ಸೀ ಝೈದ್ ನನ್ನತ್ತ ನೋಡದೆ, "ಇಷ್ಟು ವರ್ಷ ನಾನು ಕೇಳಿದ್ದೇ ತಪ್ಪು ಪ್ರಶ್ನೆ" ಎಂದಷ್ಟೇ ಹೇಳಿ ಇಳಿದುಹೋದರು.

ಇಷ್ಟಕ್ಕೆ ಎಲ್ಲ ಸರಿಹೋಗಿದ್ದರೆ ನಾನು ಸಂತೋಷದಿಂದ ಬರೆಯುತ್ತಿದ್ದೆ. ಅವರ ವರದಿ ಮೇಲಕ್ಕೆ ಹೋಯಿತು, ಮೇಲೆಯೇ ನಿಂತಿತು. ಶಾಲೆ ತೆರೆದ ದಿನ ತೂದಾ ಕೆಂಪು ಹೊದಿಕೆಯನ್ನು ಬೆನ್ನಿಗೆ ಕಟ್ಟಿಕೊಂಡು, ಮಗಳ ಕೈ ಹಿಡಿದು, ಹೇಗಾದರೂ ಆಗಲಿ ಎಂದು ಪೇಟೆಗೆ ಇಳಿದಳು. ನಿಲಯದ ಮೇಲ್ವಿಚಾರಕಿ ಒಳ್ಳೆಯ ಹೆಂಗಸು. ಕಣ್ಣಲ್ಲಿ ನೀರು ತಂದುಕೊಂಡೇ ಬಾಗಿಲು ಹಾಕಿದಳು. ಸಂಜೆಯ ಹೊತ್ತಿಗೆ ಇಬ್ಬರೂ ಹಿಂತಿರುಗಿದರು. ಆ ಚಳಿಗಾಲವೆಲ್ಲ ಇಝ್ಝಾ ಬತ್ತಿದ ನಲ್ಲಿಯ ಮುಂದಿನಿಂದ ಹಾದು, ಕಣಿವೆಯ ತಳದ ಒರತೆಗೆ ಹೋಗಿ ನೀರು ಹೊತ್ತಳು. ನನ್ನ ಪಾಠಕ್ಕೆ ಬಾ ಎಂದರೆ, "ಅದೆಲ್ಲ ನನಗೆ ಬರುತ್ತೆ ಫಕೀಹಾ" ಎಂದು ಮುಖ ತಿರುಗಿಸಿದಳು. ನಿಜ, ಅವಳಿಗೆ ಬರುತ್ತಿತ್ತು. ಮುಂದಿನದು ಬೇಕಿತ್ತು.

ಹಿಮ ಮಂಡಿಯುದ್ದ ಬಿದ್ದಿದ್ದ ದಿನಗಳಲ್ಲಿ ಸೀ ಝೈದ್ ಮತ್ತೆ ಬಂದರು. ಕೆಟ್ಟ ಸುದ್ದಿಯನ್ನು ಹೇಳಲು ಕಚೇರಿಯವರೊಬ್ಬರು ಬೆಟ್ಟ ಹತ್ತಿ ಬಂದದ್ದು ನಾನು ಕಂಡಂತೆ ಅದೇ ಮೊದಲು. ಘೋಷಿಸಿದ ಅಂಕಿಯನ್ನು ಹಿಂದಕ್ಕೆ ತೆಗೆದುಕೊಂಡರೆ ಪ್ರಾಂತಕ್ಕೆ ಮುಖಭಂಗವೆಂದು ಆಕ್ಷೇಪಣೆಯನ್ನು ತಳ್ಳಿಹಾಕಿದ್ದರು. ತಮ್ಮನ್ನು ದಕ್ಷಿಣದ ಮರುಭೂಮಿಯ ಕಡೆಗೆ ವರ್ಗ ಮಾಡಿದ್ದಾರೆ ಎಂಬುದನ್ನು ಅವರು ಹೇಳಲಿಲ್ಲ. ಅದು ಆಮೇಲೆ ಟ್ಯಾಕ್ಸಿಯವನಿಂದ ತಿಳಿಯಿತು.

ತೂದಾ ಕೇಳಿಸಿಕೊಂಡು, ತಲೆವಸ್ತ್ರದ ತುದಿಯನ್ನು ತಿರುಚುತ್ತ, "ಏನ್ ಮಾಡೋದು ಅಣ್ಣಾ, ದೇವರ ಇಚ್ಛೆ" ಎಂದಳು.

"ಅಲ್ಲ" ಎಂದರು ಸೀ ಝೈದ್. ಅವರ ದನಿ ಎಷ್ಟು ತಗ್ಗಿತ್ತೆಂದರೆ ನಾನು ಹತ್ತಿರ ಸರಿಯಬೇಕಾಯಿತು. "ಇದು ದೇವರ ಇಚ್ಛೆ ಅಲ್ಲ ಲಾಲ್ಲಾ ತೂದಾ. ಇದು ಇಬ್ಬರು ಗಂಡಸರ ಸಹಿ. ಒಬ್ಬ ನಮ್ಮ ನಿರ್ದೇಶಕ, ಇನ್ನೊಬ್ಬ ಹಾಜಿ ಮಕ್ಕಿ. ಅವರು ಮಾಡಿದ್ದನ್ನ ದೇವರ ತಲೆಗೆ ಕಟ್ಬೇಡಿ." ಸ್ವಲ್ಪ ತಡೆದು, "ಫೆಬ್ರವರಿಯಲ್ಲಿ ಪಂಚಾಯಿತಿ ಸಭೆ ಇದೆ. ಜನ ಬಂದ್ರೆ ಬಾಗಿಲು ಹಾಕೋ ಹಾಗಿಲ್ಲ, ಅದು ಕಾನೂನು" ಎಂದರು.

ನಾನು ಜೀವಮಾನವೆಲ್ಲ ಮಸೀದಿಯ ನೆರಳಿನಲ್ಲಿ ಕಳೆದವಳು. ತಾಳ್ಮೆಯ ಬಗ್ಗೆ ಎಷ್ಟೋ ಉಪದೇಶಗಳನ್ನು ಕೇಳಿದ್ದೇನೆ, ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ಆ ಹಿಮದಲ್ಲಿ, ನಮಾಜಿಗೆ ಅಪರೂಪಕ್ಕೆ ಕಾಣಿಸಿಕೊಳ್ಳುವ ಒಬ್ಬ ಸಿಡುಕನ ಬಾಯಿಂದ ಬಂದ ಈ ಮಾತು ನನಗೆ ಅವೆಲ್ಲಕ್ಕಿಂತ ದೇವಭಯದ ಮಾತಾಗಿ ಕೇಳಿಸಿತು.

ಸಭೆಯ ದಿನ ನಾವು ಒಂದಷ್ಟು ಹೆಂಗಸರು ಹೋಗಿ ಹಿಂದಿನ ಬೆಂಚುಗಳಲ್ಲಿ ಕೂತೆವು. ಹಾಜಿ ಮಕ್ಕಿ ಪಂಚಾಯಿತಿಯ ಪ್ರಗತಿಯನ್ನು ಓದುತ್ತಿದ್ದ: ತೃಪ್ತರಾದ ಮನೆಗಳು ಇಷ್ಟು, ಕೊರತೆಯಿಲ್ಲದ ಮನೆಗಳು ಇಷ್ಟು. ತೂದಾ ಎದ್ದು ನಿಂತಳು.

"ಸಾರ್ವಜನಿಕರು ಮಾತಾಡೋ ಹಾಗಿಲ್ಲಮ್ಮ" ಎಂದ ಕಾರ್ಯದರ್ಶಿ.

"ನಾನು ಮಾತಾಡ್ತಿಲ್ಲ. ನನ್ನ ವಸ್ತು ಒಂದು ಇಲ್ಲಿದೆ, ಕೇಳೋಕೆ ಬಂದಿದ್ದೀನಿ."

ಹಾಜಿ ಮಕ್ಕಿ ಕನ್ನಡಕ ತೆಗೆದು, ಸದಸ್ಯರ ಕಡೆ ನೋಡಿ ಮುಗುಳ್ನಕ್ಕ. "ಏನಮ್ಮ ಅದು?"

"ನನ್ನ ಅಲ್ಹಮ್ದುಲಿಲ್ಲಾ. ಅದನ್ನ ನಾನು ದೇವರಿಗೆ ಹೇಳಿದ್ದು. ನೀವು ನಿಮ್ಮ ಹೆಸರಿಗೆ ಬರ್ಕೊಂಡಿದ್ದೀರಿ. ವಾಪಸ್ ಕೊಡಿ."

ಯಾರೋ ನಗಲು ಹೋಗಿ ಕೆಮ್ಮಿದರು. ಹಾಜಿ ಮಕ್ಕಿಯ ಮುಗುಳ್ನಗೆ ಮುಖದ ಮೇಲೆಯೇ ಒಣಗಿತು. "ಅದನ್ನ ವಾಪಸ್ ಕೊಡೋದು ಹೇಗೆ ತಾಯಿ?"

"ತಗೊಂಡಿದ್ದು ಹೇಗೋ ಹಾಗೇ" ಎಂದಳು ತೂದಾ. ಕೂರಲಿಲ್ಲ. ಅವಳ ಹಿಂದೆ ಯಾಮ್ನಾ ಮೊಣಕಾಲು ಹಿಡಿದುಕೊಂಡು ಎದ್ದಳು, "ನಂದೂ ಇದೆ ಅಲ್ಲಿ" ಎಂದಳು. ಆಮೇಲೆ ಉಳಿದವರು ಎದ್ದರು. ನಾನೂ ಎದ್ದೆ. ಸದಸ್ಯರು ತಮ್ಮ ತಮ್ಮ ಚಹಾದ ಲೋಟಗಳನ್ನು ನೋಡುತ್ತ ಕೂತರು. ಸಭೆಯನ್ನು ಅಲ್ಲಿಗೇ ಮುಂದೂಡಿದರು.

ಆ ಸಭೆಯ ಮಾತು ಪ್ರಾಂತದವರೆಗೆ ಮುಟ್ಟಿ, ಲೆಕ್ಕವನ್ನು ಮತ್ತೆ ತೆಗೆದರು. ಮರುವರ್ಷ ಐತ್ ಅಮ್ರಿಸ್ ಮತ್ತೆ ಬಡ ಊರಾಯಿತು, ಇಝ್ಝಾ ನಿಲಯಕ್ಕೆ ಹೋದಳು. ತನಗಿಂತ ಗೇಣುದ್ದ ಕುಳ್ಳಗಿರುವ ಕಿರಿಯ ಹುಡುಗಿಯರ ನಡುವೆ ಬೆನ್ನು ಬಗ್ಗಿಸಿ ಕೂರುತ್ತಾಳಂತೆ. ಅವಳಿಂದ ಕಿತ್ತುಕೊಂಡ ವರ್ಷವನ್ನು ಯಾವ ಸಭೆಯೂ ಹಿಂದಿರುಗಿಸಲಿಲ್ಲ. ಅದಕ್ಕೆ ಯಾರೂ ಕ್ಷಮೆಯನ್ನೂ ಕೇಳಲಿಲ್ಲ. ಹಾಜಿ ಮಕ್ಕಿ ಈಗಲೂ ಶುಕ್ರವಾರ ಮುಂದಿನ ಸಾಲಿನಲ್ಲಿ ನಮಾಜು ಮಾಡುತ್ತಾನೆ.

ಸೀ ಝೈದರಂಥವರನ್ನು ಯಾವ ಊರೂ ಪ್ರೀತಿಸುವುದಿಲ್ಲ. ಅವರು ಬರುವಾಗ ಕೈಯಲ್ಲಿ ಏನನ್ನೂ ತರುವುದಿಲ್ಲ, ಹೋಗುವಾಗ ಒಂದು ಒಳ್ಳೆಯ ಮಾತನ್ನೂ ಬಿಟ್ಟುಹೋಗುವುದಿಲ್ಲ. ಅವರ ಹೆಸರನ್ನು ಯಾರೂ ಮಗುವಿಗೆ ಇಡುವುದಿಲ್ಲ. ಕೊಡುವವರನ್ನು ಜನ ನೆನೆಯುತ್ತಾರೆ, ಕೊಟ್ಟದ್ದು ತಲುಪಿತೇ ಎಂದು ನೋಡುವವರನ್ನು ಮರೆಯುತ್ತಾರೆ. ಆದರೆ ಬಡವರ ಪಾಲಿನ ದೊಡ್ಡ ಕಳ್ಳತನಗಳೆಲ್ಲ ದೇವರ ಹೆಸರಿನ ಮರೆಯಲ್ಲಿಯೇ ನಡೆಯುತ್ತವೆ. ಬರದಿದ್ದ ಹಿಟ್ಟು ವಿಧಿಯಾಗುತ್ತದೆ, ಮುಚ್ಚಿದ ಬಾಗಿಲು ಪರೀಕ್ಷೆಯಾಗುತ್ತದೆ, ಸಹಿ ಹಾಕಿದವನು ಜಪಮಾಲೆ ಎಣಿಸುತ್ತ ಕೂರುತ್ತಾನೆ. ಮನುಷ್ಯ ಮಾಡಿದ್ದನ್ನು ಮನುಷ್ಯನ ಹೆಸರಿಗೇ ಬರೆದು, ದೇವರ ಮೇಲೆ ಹೊರಿಸಿದ ಆ ಸುಳ್ಳು ಆಪಾದನೆಯನ್ನು ಇಳಿಸುವ ಕೆಲಸವನ್ನು ನಮ್ಮಂಥ ಭಕ್ತರು ಮಾಡಬೇಕಿತ್ತು. ನಾವು ಚಹಾ ಸೋಸುತ್ತಿದ್ದೆವು. ಅದನ್ನು ಮಾಡಿದವರು ಹೊರಗೆ, ಹಿಮದಲ್ಲಿ, ನಮ್ಮ ಶಾಪವನ್ನು ತಿನ್ನುತ್ತ ನಿಂತಿದ್ದರು.